ಸದ್ದು ಕಿತ್ತುಕೊಂಡವನು

ದಾನಿಯಾರ್ ಎರಡೂ ತೋಳು ಚಾಚಿಕೊಂಡು ಮುಂದೆ ಬಂದ. ಬೈಸಾಲ್ ಎರಡು ಹೆಜ್ಜೆ ದೂರದಲ್ಲೇ ನಿಂತು, ಚಾವಟಿ ಹಿಡಿದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಆ ಹುಲ್ಲುಗಾವಲ ನಾಡಿನ ರೂಢಿಯಲ್ಲಿ ಸತ್ತವನ ಮಗ ತಬ್ಬಿಕೊಳ್ಳಲು ಬಂದರೆ ಎಂಥ ಹಗೆಯವನಾದರೂ ಎದೆ ಕೊಡಬೇಕು. ಬಾಗಿಲ ಬಳಿ ಊರುಗೋಲು ಹಿಡಿದು ಸಾಲಾಗಿ ನಿಂತು ಅಳುತ್ತಿದ್ದ ಗಂಡಸರೆಲ್ಲ ಅಳು ನಿಲ್ಲಿಸಿ ಇತ್ತ ನೋಡಿದರು.

“ಬನ್ನಿ ಚಿಕ್ಕಪ್ಪ,” ಎಂದ ದಾನಿಯಾರ್, ತೋಳು ಇಳಿಸದೆ.

“ಬಂದಿದ್ದೀನಲ್ಲ. ನಿನ್ನನ್ನ ತಬ್ಬೋಕೆ ಬಂದಿಲ್ಲ ಕಣಪ್ಪಾ. ನಿಮ್ಮಪ್ಪನ ಮುಂದೆ ಒಂದು ಮಾತು ಹೇಳೋದಿದೆ. ಹೇಳಿ ಹೋಗ್ತೀನಿ.”

ಹುಡುಗನ ಮುಖ ಕೆಂಪೇರಿತು. ಹುಡುಗನೇನು, ಮೂವತ್ತೆರಡು ವರ್ಷದವನು, ಅಪ್ಪನ ಹಾಗೇ ದನಕುದುರೆಗಳ ಡಾಕ್ಟರು. ತೋಳು ಮೆಲ್ಲಗೆ ಇಳಿಸಿ ತನ್ನ ಜಾಗಕ್ಕೆ ಹೋಗಿ ನಿಂತ. ಅಷ್ಟರಲ್ಲಿ ಶಾಕಿರ್ ಓಡಿಬಂದು ಬೈಸಾಲ್‌ನ ತೋಳು ಹಿಡಿದು ಹುಲ್ಲಿನ ಬಣವೆಯ ಮರೆಗೆ ಎಳೆದುಕೊಂಡು ಹೋದ. ಶಾಕಿರ್, ಬೈಸಾಲ್, ಈಗ ಒಳಗೆ ಬಿಳಿಬಟ್ಟೆ ಸುತ್ತಿಸಿಕೊಂಡು ಮಲಗಿರುವ ಒಸ್ಪಾನ್ ಮೂವರೂ ನೆಂಟರಲ್ಲ, ಓರಗೆಯವರು. ಒಂದೇ ಬೇಸಿಗೆಯಲ್ಲಿ ಕುದುರೆ ಹತ್ತಲು ಕಲಿತವರು.

“ನಿನಗೇನು ಗ್ರಹಚಾರವೋ? ಹೆಣದ ಮನೇಲಿ ಇದೇನು ನಿನ್ನ ರಗಳೆ?”

“ರಗಳೆ ಎಲ್ಲಿ ಮಾಡ್ದೆ? ಮುಲ್ಲಾ ಕೇಳ್ತಾನಲ್ಲ, ‘ಈತ ಎಂಥ ಮನುಷ್ಯ’ ಅಂತ? ಅದಕ್ಕೆ ಉತ್ತರ ಹೇಳೋಕೆ ಬಂದಿದ್ದೀನಿ.”

ಹೆಣ ಎತ್ತುವ ಮುನ್ನ ಮುಲ್ಲಾ ಮೂರು ಸಲ ಕೇಳುತ್ತಾನೆ. ಮೂರು ಸಲವೂ ನೆರೆದವರು “ಒಳ್ಳೆಯವನು” ಅನ್ನುತ್ತಾರೆ. ಕುಡಿದು ಹೆಂಡತಿಯನ್ನು ಬಡಿಯುತ್ತಿದ್ದವನಿಗೂ, ಪಕ್ಕದ ಹಳ್ಳಿಯ ಹೆಣ್ಣುಕುದುರೆ ಕದ್ದವನಿಗೂ ಆ ಊರು “ಒಳ್ಳೆಯವನು” ಎಂದೇ ಹೇಳಿ ಕಳಿಸಿತ್ತು. “ಅಲ್ಲ” ಎಂದವರನ್ನು ಯಾರೂ ಕಂಡಿರಲಿಲ್ಲ. ಹದಿನಾಲ್ಕು ವರ್ಷಗಳಿಂದ ಬೈಸಾಲ್ ಮದುವೆಯಲ್ಲಿ, ಸಂತೆಯಲ್ಲಿ, ಚಹಾದ ಅಂಗಡಿಯಲ್ಲಿ ಹೇಳುತ್ತಲೇ ಬಂದಿದ್ದ, ನಾನು ಅವನಿಗಿಂತ ಒಂದು ದಿನವಾದರೂ ಹೆಚ್ಚು ಬದುಕಿ, ಅವನ ಹೆಣದ ಮುಂದೆ ಅಲ್ಲ ಅನ್ನುತ್ತೇನೆ ಎಂದು. ಜನ ನಗುತ್ತಿದ್ದರು. ಈಗ ಆ ದಿನ ಬಂದಿತ್ತು.

“ಒಂದು ಕುದುರೆಗೋಸ್ಕರ!” ಎಂದ ಶಾಕಿರ್.

“ಒಂದು ಕುದುರೆ ಅಂತೀಯಲ್ಲ, ನಿನ್ನ ಲಾರಿ ಅಂದ್ಕೊಂಡ್ಯಾ ಟೈರು ಬದಲಾಯಿಸಿ ಓಡಿಸೋಕೆ? ಕಾಸ್ಕಾ ಅದು. ನಾಲಿಗೆ ನೀಲಿಯಾಗಿ, ಕಣ್ಣು ಹೊರಗೆ ಬಂದು ಸತ್ತಿತು. ಇವನು ನೋಡು, ಊಟ ಮಾಡಿ, ಎರಡು ಬಟ್ಟಲು ಚಹಾ ಕುಡಿದು, ಮಗ್ಗುಲಾಗಿ ಮಲಗಿದವನು ಹಾಗೇ ಹೋದನಂತೆ. ಥೂ! ಎಂಥಾ ಸುಖದ ಸಾವು ಅದು! ಅವನಿಗೆ ಅಷ್ಟೂ ಸುಖ ಸಲ್ಲಬಾರದಿತ್ತು.”

ಶಾಕಿರ್ ತಲೆ ಚಚ್ಚಿಕೊಂಡು ಸೌದೆಯ ಒಲೆಯ ಕಡೆಗೆ ನಡೆದ.

*

ಕಾಸ್ಕಾ ಹಣೆಯ ಮೇಲೆ ಬಿಳಿ ಪಟ್ಟೆ ಇದ್ದ ಕಂದು ಕುದುರೆ. ಐದನೇ ವರ್ಷಕ್ಕೆ ಮೂವತ್ತು ಕಿಲೋಮೀಟರಿನ ದೊಡ್ಡ ಓಟದಲ್ಲಿ ಹಿಂದಿನವರಿಗೆ ಧೂಳು ಮಾತ್ರ ಕಾಣುವಂತೆ ಓಡಿ ಗೆದ್ದಿತ್ತು. ಆರನೇ ವರ್ಷದ ವಸಂತದಲ್ಲಿ ಒಂದು ಬೆಳಗ್ಗೆ ಬೈಸಾಲ್ ಅದನ್ನು ಏರಿನಲ್ಲಿ ಓಡಿಸುತ್ತಿದ್ದಾಗ ಗಂಟಲಲ್ಲಿ ಗರಗಸ ಎಳೆದ ಹಾಗೆ ಒಂದು ಸದ್ದು ಕೇಳಿಸಿತು. ಉಸಿರು ಒಳಗೆ ಎಳೆದುಕೊಂಡಾಗಲೆಲ್ಲ ಅದೇ ಸದ್ದು. ಕುದುರೆ ಪಳಗಿಸುವವನಿಗೆ ಕಣ್ಣಿಗಿಂತ ಕಿವಿ ದೊಡ್ಡದು. ಅವನು ಅಲ್ಲೇ ಇಳಿದು, ಲಗಾಮು ಹಿಡಿದು ನಡೆಸಿಕೊಂಡೇ ಒಸ್ಪಾನ್‌ನ ಮನೆಗೆ ಬಂದಿದ್ದ.

ಒಸ್ಪಾನ್ ಪಟ್ಟಣದಿಂದ ತಂದಿದ್ದ ಹಳೆಯ ಉದ್ದ ಕೊಳವೆಯನ್ನು ಕುದುರೆಯ ಮೂಗಿನ ಹೊಳ್ಳೆಯಿಂದ ಗಂಟಲವರೆಗೆ ಇಳಿಸಿ, ತುದಿಯ ದೀಪ ಹೊತ್ತಿಸಿ, ತಾನು ನೋಡಿ ಬೈಸಾಲ್‌ಗೂ ತೋರಿಸಿದ.

“ಉಸಿರಿನ ದಾರಿಗೆ ಎರಡು ಕದ ಕಾಣ್ತವಾ? ಬಲಗಡೇದು ನೋಡು, ಉಸಿರೆಳೆದಾಗ ತೆರೀತದೆ. ಎಡಗಡೇದು?”

“ಜೋತುಬಿದ್ದಿದೆ.”

“ನರ ಸತ್ತಿದೆ. ಓಡುವಾಗ ಆ ಕದ ದಾರಿಗೆ ಅಡ್ಡ ಬೀಳ್ತದೆ, ಅದಕ್ಕೇ ಸದ್ದು. ಈಗ ಕೇಳಿಲ್ಲಿ.” ಒಸ್ಪಾನ್ ಬಕೆಟ್ ಬೋರಲು ಹಾಕಿ ಕೂತ. “ಏನೂ ಮಾಡದೆ ಬಿಟ್ರೆ ಮಂದೆ ಕಾಯೋಕೆ ಸಾಕು, ಸುಖವಾಗಿರ್ತದೆ. ಕುತ್ತಿಗೇಲಿ ತೂತು ಕೊರೆದು ಅಲ್ಲಿಂದ್ಲೇ ಉಸಿರಾಡಿಸಬಹುದು, ಆದ್ರೆ ನಮ್ಮ ಹೊಳೆ ದಾಟಿಸುವಾಗ ತೂತಿಗೇ ನೀರು ನುಗ್ಗಿ ಮುಳುಗ್ತದೆ, ಅದು ಬೇಡ. ಇನ್ನೊಂದು, ಆ ಕದವನ್ನ ದಾರ ಹಾಕಿ ಹಿಂದಕ್ಕೆ ಕಟ್ಟೋದು. ಗಾಳಿ ಪೂರ್ತಿ ಬರ್ತದೆ.”

“ಅದೇ ಮಾಡು!”

“ತಡಿಯೋ, ಅವಸರ ಮಾಡ್ಬೇಡ. ಗಾಳಿಗೆ ತೆರೆದ ಕದ ಹುಲ್ಲಿಗೂ ನೀರಿಗೂ ತೆರೆದೇ ಇರ್ತದೆ. ತಿಂದಾಗಲೆಲ್ಲ ಕೆಮ್ಮು. ನೆನೆಸಿದ ಹುಲ್ಲು, ನೆಲದ ಮೇಲೇ ಹಾಕ್ಬೇಕು, ಜೀವಮಾನ ಪೂರ್ತಿ. ನಾವು ಏನು ಮಾಡ್ತೀವಿ? ಓಟ್ಸ್ ಚೀಲಕ್ಕೆ ತುಂಬಿ ಮೂತಿಗೆ ಕಟ್ಟಿ ಬಿಡ್ತೀವಿ. ಅದರ ಧೂಳೆಲ್ಲ ಸೀದಾ ಶ್ವಾಸಕೋಶಕ್ಕೆ. ಚಳಿಗಾಲದಲ್ಲಿ ನೆನೆಸಿಟ್ಟ ಹುಲ್ಲು ಹೆಪ್ಪುಗಟ್ತದೆ. ಎರಡು ವರ್ಷ ಬದುಕಿದ್ರೆ ಹೆಚ್ಚು. ನನ್ನ ಮಾತು ಕೇಳು, ಕದದ ಪಕ್ಕ ಒಂದು ಸಣ್ಣ ಚೀಲ ಇದೆ, ಅದನ್ನೂ ಅಂಚಿನ ಮಡಿಕೇನೂ ಕತ್ತರಿಸ್ತೀನಿ. ಸಣ್ಣ ಕೆಲಸ, ಅಪಾಯ ಇಲ್ಲ.”

“ಗಾಳಿ?”

“ಸ್ವಲ್ಪ ಬರ್ತದೆ. ಪೂರ್ತಿ ಇಲ್ಲ.”

“ಹಾಗಾದ್ರೆ ದಾರ ಕಟ್ಟು,” ಎಂದಿದ್ದ ಬೈಸಾಲ್. “ಹುಲ್ಲು ನಾನು ನೆನೆಸ್ತೀನಿ. ಬೇಕಾದ್ರೆ ನನ್ನ ಹಾಸಿಗೆಯೊಳಗೆ ಇಟ್ಕೊಂಡು ಬೆಚ್ಚಗೆ ಮಾಡ್ತೀನಿ. ನನ್ನ ಕುದುರೆ, ನಾನು ಹೇಳ್ತಿದ್ದೀನಿ, ಕಟ್ಟು.”

ಒಸ್ಪಾನ್ ಕೊಳವೆ ಸುತ್ತಿಡುತ್ತ “ಆಯ್ತು” ಎಂದ. ಹಾಗೆಂದದ್ದು ಬೈಸಾಲ್‌ನ ಕಿವಿಯಲ್ಲಿ ಇವತ್ತಿಗೂ ಇದೆ. ಕೊಟ್ಟಿಗೆಯಲ್ಲಿ ಕಂಬಳಿ ಹಾಸಿ, ಚುಚ್ಚುಮದ್ದು ಕೊಟ್ಟು ಕಾಸ್ಕಾನನ್ನು ಮಲಗಿಸಿ, “ನೀನು ಹೊರಗಿರು, ನಿನ್ನ ಕೈ ನಡುಗ್ತಿದೆ” ಎಂದು ಬಾಗಿಲು ಹಾಕಿಕೊಂಡಿದ್ದ. ಎರಡು ಗಂಟೆ ಕಳೆದು ಕೈ ಒರೆಸಿಕೊಳ್ಳುತ್ತ ಬಂದು ಮುಗಿಯಿತು ಎಂದ. ಗಂಟಲ ಕೆಳಗೆ ಬಾಯಿಬಿಟ್ಟ ಗಾಯ. ದಿನಾ ಎರಡು ಹೊತ್ತು ತೊಳೆ, ತಾನೇ ಮುಚ್ಚಿಕೊಳ್ಳುತ್ತೆ, ಈ ವರ್ಷ ಓಟಕ್ಕೆ ಬಿಡಬೇಡ ಎಂದೂ ಹೇಳಿದ್ದ.

ಬೇಸಿಗೆ ಮುಗಿಯುವ ಹೊತ್ತಿಗೆ ಕಾಸ್ಕಾ ಏರಿನಲ್ಲಿ ಓಡಿತು. ಸದ್ದಿಲ್ಲ! ಬೈಸಾಲ್ ಕುತ್ತಿಗೆಗೆ ಕಿವಿಯಿಟ್ಟು ಓಡಿಸಿದ. ಒಂದಿಷ್ಟೂ ಸದ್ದಿಲ್ಲ. ಕದ ತೆರೆದುಕೊಂಡಿದೆ ಎಂದು ಅವನು ಕುದುರೆಯ ಮುಖಕ್ಕೆ ಮುತ್ತಿಟ್ಟು ಅತ್ತುಬಿಟ್ಟಿದ್ದ.

*

ಹುಲ್ಲಿನ ಬಣವೆಗೆ ಒರಗಿ ನಿಂತಿದ್ದ ಬೈಸಾಲ್‌ಗೆ ಒಳಗಿನಿಂದ ಒಸ್ಪಾನ್‌ನ ಹೆಂಡತಿ ಕುಲ್ಯಾಷ್ ಹಾಡಿ ಹಾಡಿ ಅಳುವುದು ಕೇಳುತ್ತಿತ್ತು. ಗಂಡನ ಬದುಕನ್ನೆಲ್ಲ ಎಳೆಎಳೆಯಾಗಿ ಹಾಡಿ ಅಳುವುದು ಹೆಂಡತಿಯ ಪಾಲಿನ ಕೆಲಸ. ಮೋಟಾರು ಸೈಕಲ್ಲಿನ ಪಕ್ಕದ ಡಬ್ಬಿಯಲ್ಲಿ ಮೇಕೆಮರಿ ಕೂರಿಸಿಕೊಂಡು ಬಂದವನೇ ಎಂದಳು. ಹಿಮದಲ್ಲಿ ರಾತ್ರಿಯಿಡೀ ನಡೆದು ಹೋಗಿ ಹಸುವಿಗೆ ಹೆರಿಗೆ ಮಾಡಿಸಿದವನೇ ಎಂದಳು. ಯಾರ ಮನೆಯಲ್ಲೂ ಒಂದು ಬಟ್ಟಲು ಚಹಾಕ್ಕಿಂತ ಹೆಚ್ಚು ಕೇಳದವನೇ, ಕೈಯ ಮದ್ದಿನ ವಾಸನೆ ಹೋಗಲೆಂದು ಸೋಪು ಸವೆಸಿದವನೇ, ಗಡಿಯಾರ ಕಟ್ಟಿಕೊಳ್ಳಲು ಕೊನೆಗೂ ಕಲಿಯದವನೇ. ಒಲೆಯ ಬಳಿಯ ಹೆಂಗಸರು ತಲೆವಸ್ತ್ರದ ತುದಿಯಲ್ಲಿ ಮೂಗೊರೆಸಿಕೊಂಡರು. ಬೈಸಾಲ್ ಕಿವಿಗೊಟ್ಟು ಕಾದ. ಕಾಸ್ಕಾನ ಹೆಸರು ಬರಲಿಲ್ಲ.

ಶಾಕಿರ್ ಎರಡು ಬಟ್ಟಲು ಚಹಾ ಹಿಡಿದು ಮತ್ತೆ ಬಂದ. ಹಿಂದೆಯೇ ದಾನಿಯಾರ್.

“ಚಿಕ್ಕಪ್ಪ, ಒಂದು ಮಾತು,” ಎಂದ ದಾನಿಯಾರ್. “ಅಪ್ಪ ಹೇಳಿಟ್ಟಿದ್ರು, ಈಗಲ್ಲ, ನಾಲ್ಕೈದು ವರ್ಷದಿಂದ ಹೇಳ್ತಾನೇ ಇದ್ರು. ನಾನು ಸತ್ತಾಗ ಬೈಸಾಲ್ ಬರ್ತಾನೆ, ಅವನನ್ನ ಮೊದಲನೇ ಸಾಲಲ್ಲಿ ನಿಲ್ಲಿಸಿ, ಮುಲ್ಲಾ ಕೇಳಿದಾಗ ಅವನು ಮಾತಾಡೋ ತನಕ ಬೇರೆ ಯಾರೂ ಬಾಯಿ ಬಿಡಬಾರದು ಅಂತ.”

ಬೈಸಾಲ್ ಬಟ್ಟಲಿನ ಚಹಾವನ್ನು ನೆಲಕ್ಕೆ ಚೆಲ್ಲಿದ.

“ನೋಡ್ದೆಯಾ ಶಾಕಿರ್? ನೋಡ್ದೆಯಾ ಇವನ ಕೊಬ್ಬನ್ನ! ಸತ್ತ ಮೇಲೂ ನಾನೆಲ್ಲಿ ನಿಲ್ಬೇಕು, ಯಾವಾಗ ಮಾತಾಡ್ಬೇಕು ಅಂತ ಇವನೇ ತೀರ್ಮಾನ ಮಾಡ್ತಾನೆ!”

“ಹಾಗಾದ್ರೆ ಕೊನೇ ಸಾಲಲ್ಲಿ ನಿಲ್ಲು,” ಎಂದ ಶಾಕಿರ್. “ಯಾರು ಬೇಡ ಅಂದ್ರು?”

“ಮೊದಲನೇ ಸಾಲಲ್ಲೇ ನಿಲ್ತೀನಿ. ನೀನು ಯಾವನೋ ಬೇಡ ಅನ್ನೋಕೆ?”

ದಾನಿಯಾರ್‌ಗೆ ಅಂಥ ಹೊತ್ತಿನಲ್ಲೂ ನಗು ಬಂತು. ಅದನ್ನು ಅಡಗಿಸಲು ಅವನು ತಲೆ ತಗ್ಗಿಸಿ ಬೇಗ ಬೇಗ ಹೊರಟುಹೋದ.

*

ಗಂಟಲಿಗೆ ಚಾಕು ಹಾಕಿದ ಆ ವರ್ಷವೇ, ಶರತ್ಕಾಲದ ದೊಡ್ಡ ಓಟದ ಕೊನೆಯ ಸುತ್ತಿನ ತಿರುವಿನಲ್ಲಿ, ಎಲ್ಲರಿಗಿಂತ ಮುಂದಿದ್ದ ಕಾಸ್ಕಾ ಮುಗ್ಗರಿಸಿತು. ಸವಾರ ಪಕ್ಕಕ್ಕೆ ಹಾರಿಕೊಂಡ. ಬೈಸಾಲ್ ತಲುಪಿದಾಗ ಕುದುರೆ ಬಾಯಿ ತೆರೆದು ಬಿದ್ದಿತ್ತು, ನಾಲಿಗೆ ನೀಲಿ, ಮೂಗಿನಿಂದ ನೊರೆ ಬೆರೆತ ರಕ್ತ. ಬದುಕುವುದಿಲ್ಲ ಎಂದು ನೋಡಿದೊಡನೆ ತಿಳಿಯಿತು. ಸಾಯುವ ಮೊದಲು ದೇವರ ಹೆಸರು ಹೇಳಿ ಕತ್ತು ಕೊಯ್ಯದಿದ್ದರೆ ಮಾಂಸವೆಲ್ಲ ನಾಯಿಪಾಲು. ಬೇರೆಯವರ ಕೈಗೆ ಚಾಕು ಕೊಡಲು ಅವನಿಗೆ ಮನಸ್ಸು ಬರಲಿಲ್ಲ. ತಾನೇ ಕೊಯ್ದ.

ಆಮೇಲೆ, ಯಾಕೆಂದು ಅವನಿಗೇ ಗೊತ್ತಿಲ್ಲ, ಗಂಟಲನ್ನು ಬಿಡಿಸಿ ನೋಡಿದ. ಕೊಳವೆಯಲ್ಲಿ ಕಂಡ ಎರಡು ಕದಗಳು ಅವೇ. ಎಡಗಡೆಯದು ಜೋತುಬಿದ್ದಿತ್ತು. ದಾರ ಇರಲಿಲ್ಲ. ಬೆರಳಿನಿಂದ ಹುಡುಕಿದ, ಸುತ್ತ ಸವರಿದ. ದಾರ ಹಾಕಿದ ಗುರುತೂ ಇರಲಿಲ್ಲ. ಬರಿಯ ಸಣ್ಣ ಚೀಲ ಕತ್ತರಿಸಿದ ಕಲೆ.

ರಕ್ತದ ಕೈಯಲ್ಲೇ ಹೋಗಿ ಒಸ್ಪಾನ್‌ನ ಬಾಗಿಲು ಬಡಿದಿದ್ದ.

“ದಾರ ಎಲ್ಲೋ?”

“ಕಟ್ಟಲಿಲ್ಲ.”

“ಕಟ್ತೀನಿ ಅಂದ್ಯಲ್ಲೋ!”

“ಆಗಲ್ಲ ಅಂದಿದ್ರೆ ನೀನು ಅದೇ ದಿನ ಪಟ್ಟಣಕ್ಕೆ ಹೊಡ್ಕೊಂಡು ಹೋಗಿ ಇನ್ಯಾರ ಕೈಲೋ ಕಟ್ಟಿಸ್ತಿದ್ದೆ. ಕುದುರೆ ಕೆಮ್ಮಿ ಕೆಮ್ಮಿ ಸಾಯ್ತಿತ್ತು. ಬದುಕಲಿ ಅಂತ ಮಾಡ್ದೆ.”

“ಬದುಕ್ತಾ? ಗಾಳಿ ಕೊಡಲಿಲ್ಲ ನೀನು, ಚೀಲ ಕತ್ತರಿಸಿ ಸದ್ದು ಕಿತ್ಕೊಂಡೆ! ಆ ಸದ್ದೊಂದಿದ್ದಿದ್ರೆ ನಾನು ಅರ್ಧದಲ್ಲೇ ನಿಲ್ಲಿಸ್ತಿದ್ದೆ. ಪಾಪದ ಪ್ರಾಣಿಗೆ ‘ನನ್ನಿಂದಾಗಲ್ಲ’ ಅಂತ ಹೇಳೋಕೆ ಅದೊಂದೇ ಬಾಯಿ ಇತ್ತು, ಅದನ್ನೂ ಮುಚ್ಚಿಬಿಟ್ಟೆ!”

ಒಸ್ಪಾನ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ತಪ್ಪಾಯಿತು ಎನ್ನಲಿಲ್ಲ. ಆ ಒಂದು ಮಾತು ಬಾಯಿಂದ ಬಂದಿದ್ದರೆ ಏನಾಗುತ್ತಿತ್ತೋ, ದೇವರೇ ಬಲ್ಲ. ಬೈಸಾಲ್ ಹೊಸ್ತಿಲ ಮೇಲೆ ಉಗಿದು ಬಂದಿದ್ದ.

*

ಹೆಣವನ್ನು ಕಂಬಳಿಯಲ್ಲಿ ಸುತ್ತಿ ಅಂಗಳಕ್ಕೆ ತಂದಿಟ್ಟರು. ಗಂಡಸರು ಸಾಲುಗಟ್ಟಿದರು. ಬೈಸಾಲ್ ಮೊದಲನೇ ಸಾಲಿನ ನಡುವೆ ನಿಂತ. ಪ್ರಾರ್ಥನೆ ಮುಗಿಸಿ ಮುಲ್ಲಾ ತಿರುಗಿದ.

“ಜನರೇ, ಈತ ಎಂಥ ಮನುಷ್ಯನಾಗಿದ್ದ?”

ಇನ್ನೂರು ಜನ ಬೈಸಾಲ್‌ನ ಬೆನ್ನು ನೋಡುತ್ತಿದ್ದರು.

“ಒಳ್ಳೆಯವನಲ್ಲ,” ಎಂದ ಬೈಸಾಲ್.

ಹಿಂದಿನ ಸಾಲುಗಳಲ್ಲಿ ಗುಜುಗುಜು ಎದ್ದಿತು. “ಅಯ್ಯೋ ಅನ್ಯಾಯವೇ” ಎಂದಿತು ಒಂದು ಮುದಿ ದನಿ. ಮುಲ್ಲಾ ಕೈಯೆತ್ತಿದ. ಬೈಸಾಲ್ ಮಾತು ಮುಂದುವರಿಸಿದ. ಹದಿನಾಲ್ಕು ವರ್ಷ ಬಾಯಿಪಾಠ ಮಾಡಿದ್ದನ್ನು ಒಂದೊಂದಾಗಿ ಹೇಳಿದ. ಕೊಳವೆ, ಎರಡು ಕದ, ಕಟ್ಟುತ್ತೇನೆ ಎಂದು ಕೊಟ್ಟ ಮಾತು, ಮುಚ್ಚಿದ ಬಾಗಿಲು, ಇಲ್ಲದ ದಾರ. ಓರಗೆಯವನ ಕಣ್ಣಿಗೆ ಮಣ್ಣೆರಚಿದ ಎಂದ. ನನ್ನ ಕುದುರೆಯ ಗಂಟಲಿನ ಮೇಲೆ ನನಗಿಲ್ಲದ ಹಕ್ಕು ಇವನಿಗೆಲ್ಲಿಂದ ಬಂತು ಎಂದು ಕೇಳಿದ. ಹೇಳುತ್ತ ಹೇಳುತ್ತ ಅವನಿಗೆ ಮೈಯೆಲ್ಲ ಹಗುರಾಯಿತು. ಮುಂದೆ ಮಲಗಿದವನು ತಡೆದು ಮಾತಾಡಲಾರ ಎಂಬುದು ಎಷ್ಟು ಸಿಹಿಯಾಗಿತ್ತು! ಮುದುಕರು ಕೂಡ ತಲೆಯಾಡಿಸತೊಡಗಿದರು. ಕುದುರೆಯ ವಿಷಯದಲ್ಲಿ ಸುಳ್ಳು ಹೇಳಿದ್ದು ಆ ನೆಲದಲ್ಲಿ ಸಣ್ಣ ಮಾತಲ್ಲ.

“ಚಿಕ್ಕಪ್ಪ,” ಎಂದ ದಾನಿಯಾರ್, ಹೆಣದ ತಲೆಯ ಬಳಿಯಿಂದ. ದನಿಯಲ್ಲಿ ಸಿಟ್ಟಿರಲಿಲ್ಲ. “ಆ ವರ್ಷ ಓಟಕ್ಕೆ ಬಿಡಬೇಡಿ ಅಂತ ಅಪ್ಪ ಹೇಳಿರಲಿಲ್ವಾ?”

ಕಥೆ ಹೇಳುವಾಗೆಲ್ಲ ಬೈಸಾಲ್ ಆ ಒಂದು ಮಾತನ್ನು ದಾಟಿಕೊಂಡು ಹೋಗುತ್ತಿದ್ದ. ಮದುವೆಯಲ್ಲಿ ದಾಟಿದ್ದ, ಸಂತೆಯಲ್ಲಿ ದಾಟಿದ್ದ, ಹೆಂಡತಿಗೂ ಹೇಳಿರಲಿಲ್ಲ. ‘ಇಲ್ಲ’ ಅಂದರೆ ಮುಗಿಯಿತು. ಹೇಳಿದವನು ಒಬ್ಬನೇ, ಅವನು ಸತ್ತಿದ್ದಾನೆ. ಕಂಬಳಿಯ ಮಡಿಕೆಯಲ್ಲಿ ಒಸ್ಪಾನ್‌ನ ಮೂಗಿನ ಏರು ಕಾಣುತ್ತಿತ್ತು.

“ಹೇಳಿದ್ದ,” ಎಂದ.

“ಹಾಗಾದ್ರೆ?” ಎಂದ ಮುಲ್ಲಾ.

“ಹಾಗಾದ್ರೆ ಏನು? ಹಾಗಾದ್ರೂ ಅವನು ಒಳ್ಳೆಯವನಲ್ಲ. ನಾನೂ ಅಲ್ಲ. ಇಬ್ಬರೂ ಸೇರಿ ಕೊಂದ್ವಿ. ಎತ್ತಿ ಇನ್ನು.”

ಮುಲ್ಲಾ ಎರಡನೇ ಸಲ ಕೇಳಲೋ ಬೇಡವೋ ಎಂದು ಒಂದು ಕ್ಷಣ ತಡೆದ. ಕೇಳಲಿಲ್ಲ. ಯಾರೂ ‘ಒಳ್ಳೆಯವನು’ ಎನ್ನದೆಯೇ ಒಸ್ಪಾನ್ ತನ್ನ ಅಂಗಳದಿಂದ ಹೊರಟ.

*

ಮಣ್ಣು ಮಾಡಿ ಬಂದವರು ಕೈತೊಳೆದು ಊಟಕ್ಕೆ ಕೂತರು. ಬೈಸಾಲ್‌ನ ಪಕ್ಕದಲ್ಲಿ ಕೂರಲು ಯಾರೂ ಬರಲಿಲ್ಲ. ಶಾಕಿರ್ ಮಾತ್ರ ಬಂದು ಒಂದು ತಟ್ಟೆ ಮಾಂಸ ಮುಂದಿಟ್ಟು, “ತಿನ್ನು, ಬಾಯಿ ನೋಯ್ತಿರಬೇಕು” ಎಂದು ಗೊಣಗಿ ಹೋದ. ಬೈಸಾಲ್ ತಟ್ಟೆ ಮುಟ್ಟದೆ ಎದ್ದು ಕುದುರೆಗಳನ್ನು ಕಟ್ಟಿದ್ದ ಹಗ್ಗದ ಕಡೆ ನಡೆದ.

ಅಲ್ಲಿ ಚಹಾ ಕಾಯಿಸುವ ಸಮೋವಾರದ ಪಕ್ಕ ಕುಲ್ಯಾಷ್ ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು, ದನಿ ಕಟ್ಟಿತ್ತು. ಅವನನ್ನು ಕಂಡು ಒಂದು ಬಟ್ಟಲಿಗೆ ಚಹಾ ಬಗ್ಗಿಸಿ ನೀಡಿದಳು.

“ಹೇಳಿದೆಯಾ ಮೈದುನ?”

“ಹೇಳ್ದೆ ಅತ್ತಿಗೆ.”

“ಪೂರ್ತಿ?”

“ಪೂರ್ತಿ.”

“ಒಳ್ಳೇದಾಯ್ತು. ಹದಿನಾಲ್ಕು ವರ್ಷ ಈ ಊರಲ್ಲಿ ಕುದುರೆಗೆ ಗಂಟಲು ಕೆಟ್ಟರೆ ಏನಾಗ್ತಿತ್ತು ಗೊತ್ತಾ ನಿನಗೆ? ನಮ್ಮ ಬಾಗಿಲಿಗೆ ತರೋರು. ಇವರು ಕೊಳವೆ ಹಾಕಿ ನೋಡೋರು, ‘ನನ್ನ ಕೈಲಾಗಲ್ಲ’ ಅಂತ ಕಳಿಸೋರು. ಅವು ಸೀದಾ ಮಾಂಸದಂಗಡಿಗೆ ಹೋದವು. ಇಪ್ಪತ್ತಾರು ಕುದುರೆ. ನಿನ್ನ ಕಾಸ್ಕಾ ಆದ್ಮೇಲೆ ಒಂದು ಗಂಟಲಿಗೂ ಚಾಕು ಮುಟ್ಟಿಸಲಿಲ್ಲ ಅವರು. ಒಂದು ದಿನ ನೀನೇ ಬಂದು ‘ಮಾಡೋ ಮಾರಾಯ’ ಅಂತೀಯೇನೋ ಅಂತ ಕಾದ್ರು. ಬಂದ್ಯಾ?”

ಬೈಸಾಲ್ ಬಟ್ಟಲನ್ನು ಕೈಯಲ್ಲೇ ತಿರುಗಿಸಿದ.

“ನಾನೂ ನಿನ್ನ ಮೇಲೆ ಹಲ್ಲು ಕಡಿದುಕೊಂಡೇ ಇದ್ದೆ ಕಣೋ. ಏನು ಶಾಪ ಹಾಕೋದು ಅಂತ ಯೋಚಿಸ್ತಿದ್ದೆ. ಈಗ ನೋಡಿದ್ರೆ ಬೇರೆ ಶಾಪವೇ ಬೇಕಾಗಿಲ್ಲ. ಮಾತು ಮುಗಿಸಿಬಿಟ್ಟೆಯಲ್ಲ, ನಾಳೆ ಬೆಳಗ್ಗೆ ಎದ್ದು ಯಾರನ್ನ ಬೈತೀಯಾ?”

ಅವಳು ಹಾಗೆಂದದ್ದು ಅಳುತ್ತಲ್ಲ, ನಗುತ್ತಲೂ ಅಲ್ಲ. ಬೇಕಿದ್ದನ್ನು ಬೇಕಾದ ಜಾಗಕ್ಕೆ ಹೊಡೆದವಳ ಹಾಗೆ ಸಮಾಧಾನವಾಗಿ ಸಮೋವಾರಕ್ಕೆ ಕೆಂಡ ಹಾಕಿದಳು. ಬೈಸಾಲ್ ಬಟ್ಟಲು ಹಿಡಿದು ನಿಂತೇ ಇದ್ದ.

ಆಗ ದಿಣ್ಣೆಯ ಮೇಲಿನಿಂದ ಕುದುರೆ ಓಡಿಸಿಕೊಂಡು ಒಬ್ಬ ಬಂದ. ಬೇಸಿಗೆಯ ಮೇವಿನ ಬೆಟ್ಟದಲ್ಲಿದ್ದ ಕುರಿಗಾರ, ಸುದ್ದಿ ತಡವಾಗಿ ತಲುಪಿದವನು. ರೂಢಿಯಂತೆ ಜೀನಿನ ಮೇಲೆ ಓಲಾಡುತ್ತ, “ಅಯ್ಯೋ ನನ್ನಣ್ಣಾ! ಅಯ್ಯೋ ನನ್ನಣ್ಣಾ!” ಎಂದು ಗಂಟಲು ಹರಿಯುವಂತೆ ಕೂಗುತ್ತ ಅಂಗಳಕ್ಕೇ ನುಗ್ಗಿದ. ಊಟಕ್ಕೆ ಕೂತಿದ್ದವರು ಎದ್ದು ನಿಂತರು. ಹೆಂಗಸರು ಮತ್ತೆ ಅಳು ತೆಗೆದರು. ಅಷ್ಟು ಗದ್ದಲದಲ್ಲಿ ಬೈಸಾಲ್‌ಗೆ ಬೇರೆ ಏನೂ ಕೇಳಿಸಲಿಲ್ಲ, ಆ ಕುದುರೆಯ ಉಸಿರೊಂದೇ ಕೇಳಿಸಿತು. ಗರಗಸ ಎಳೆದ ಹಾಗೆ, ಒಳಗೆಳೆದುಕೊಂಡಾಗಲೆಲ್ಲ.

ಅವನ ಕೈಯಿಂದ ಬಟ್ಟಲು ಬಿತ್ತು. ಓಡಿಹೋಗಿ ಲಗಾಮು ಹಿಡಿದು, ಕುದುರೆಯ ಕುತ್ತಿಗೆಗೆ ಕಿವಿ ಒತ್ತಿದ. ದವಡೆಯ ಹಿಂದೆ ಎಡಗಡೆ ಬೆರಳಿಟ್ಟು ಸವರಿದ. ಎಳೆಯ ಕುದುರೆ, ನಾಲ್ಕು ವರ್ಷವೂ ಇರಲಿಕ್ಕಿಲ್ಲ, ಮೈಯೆಲ್ಲ ನಡುಗುತ್ತಿತ್ತು.

“ಇಳಿಯೋ, ಮೊದಲು ಇಳಿಯೋ!” ಎಂದು ಸವಾರನಿಗೆ ಗದರಿ, ಮನೆಯ ಬಾಗಿಲಿನತ್ತ ತಿರುಗಿ ಬಾಯ್ತುಂಬ ಕೂಗಿದ:

“ಒಸ್ಪಾನ್! ಏಯ್ ಒಸ್ಪಾನ್, ಕೊಳವೆ ತಗೊಂಡು ಬೇಗ ಬಾರೋ!”

ಅಂಗಳದಲ್ಲಿ ಅಳು ನಿಂತಿತು. ಕುಲ್ಯಾಷ್ ಕೆಂಡದ ಇಕ್ಕಳ ಹಿಡಿದಂತೆಯೇ ಎದ್ದು ನಿಂತಳು. ಬೈಸಾಲ್ ಕುದುರೆಯ ಗಂಟಲ ಮೇಲಿಟ್ಟ ಕೈ ತೆಗೆಯದೆ, ಬಾಗಿಲು ನೋಡುತ್ತ ಕಾಯುತ್ತಿದ್ದ.